ಅಪ್ಪನ ತೋಡಿ, ಅಮ್ಮನ ಸುರುಳಿ

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ರೇಡಿಯೋದಲ್ಲಿ ತೋಡಿ ರಾಗ ಬಂತು ನೋಡಿ, ನನ್ನೆದೆಯೊಳಗೆ ಪರದೆ ಸರ್ರನೆ ಮೇಲೇರಿತು!

ಭದ್ರಾವತಿಯ ಓಲ್ಡ್ ಟೌನ್. ನಾಟಕ ಕಂಪನಿಯಲ್ಲಿ ರಾಜನಾಗಿ ಹಾಡುತ್ತಿದ್ದ ಅಪ್ಪ, ಕಾರ್ಖಾನೆಯ ಸೈರನ್ನಿಗೂ ಮೊದಲೇ ಪಡಸಾಲೆಯಲ್ಲಿ ಸಂಗೀತ ಸಾಧನೆಗೆ ಕೂರುತ್ತಿದ್ದರು. ಅವರು ಹಾಡಿದ್ದನ್ನೇ ಅಮ್ಮ ಬಾಗಿಲಲ್ಲಿ ರಂಗೋಲಿಯಾಗಿ ಬಿಡಿಸುತ್ತಿದ್ದಳು. ಭೈರವ ರಾಗವಾದರೆ ನೆಟ್ಟಗಿನ ಕಂಬಗಳು, ತೋಡಿಯಾದರೆ ಒಳಗೊಳಗೇ ಸುತ್ತುವ ಸುರುಳಿ. ಅಪ್ಪ ಹಾಡು ನಿಲ್ಲಿಸಿದ ಮೇಲೆಯೇ ಅವಳ ಕೈ ನಿಲ್ಲುತ್ತಿತ್ತು.

ಅಪ್ಪ ಸತ್ತ ವಾರದಲ್ಲೇ ಒಂದು ಬೆಳಿಗ್ಗೆ, ಅಯ್ಯೋ, ಬಾಗಿಲಲ್ಲಿ ತೋಡಿಯ ಸುರುಳಿ! ಅಪ್ಪನ ತಾಯಿ, ನಮ್ಮಜ್ಜಿ, ನೀರಿನ ಬಕೆಟ್ಟು ಹಿಡಿದು ಅಬ್ಬರಿಸಿದಳು.

"ಸೂತಕದ ಮನೇಲಿ ರಂಗೋಲಿ ಹಾಕ್ತಾರೇನೇ ಮಾರಾಯ್ತಿ? ನೋಡ್ದೋರು ಏನಂತಾರೆ? ಏಳು, ತೊಳೀತೀನಿ!"

ಅಮ್ಮ ತಲೆಯೆತ್ತಲಿಲ್ಲ. ಬೆರಳ ಸಂದಿಯಿಂದ ಪುಡಿ ಇನ್ನೂ ಉದುರುತ್ತಿತ್ತು.

"ಸ್ವಲ್ಪ ತಡೀರಿ ಅತ್ತೆ. ಅವರಿನ್ನೂ ಹಾಡ್ತಿದ್ದಾರೆ."

ಅಜ್ಜಿ ಆ ಸುರುಳಿಯನ್ನೇ ದಿಟ್ಟಿಸಿದಳು. ಬಕೆಟ್ಟು ಕೆಳಗಿಟ್ಟು ಹೊಸ್ತಿಲ ಮೇಲೆ ಕುಸಿದಳು. ಖಾಲಿ ಪಡಸಾಲೆಯತ್ತ ಕಿವಿಗೆ ಕೈ ಆನಿಸಿ, "ಸ್ವಲ್ಪ ಜೋರಾಗಿ ಹಾಡೋ ಮಗನೇ, ನಂಗೆ ಕೇಳಿಸ್ತಿಲ್ಲ" ಎಂದಳು.

ಪಕ್ಕದ ಮನೆಯವರು ರೇಡಿಯೋ ಆರಿಸಿ ಎಷ್ಟೋ ಹೊತ್ತಾಯಿತು. ಮೇಜಿನ ಮೇಲೆ ಚೆಲ್ಲಿದ ಕಾಫಿಯಲ್ಲಿ ನನ್ನ ಬೆರಳು ಮಾತ್ರ ಇನ್ನೂ ಸುತ್ತುತ್ತಲೇ ಇದೆ.