ಪೇಟೆಯ ಬಾವಿ ತೋಡಿದವರು

ಅರವತ್ತರ ದಶಕದ ಆರಂಭದಲ್ಲಿ ನಾನು ಕಾರ್ಕಳದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಟೀಚರಾಗಿ ಬಂದೆ. ಮಕ್ಕಳಿಗೆ ದಿಲ್ಲಿಯ ದೊರೆಗಳ ವಂಶಾವಳಿ ಬಾಯಿಪಾಠ. ತಮ್ಮ ಕೇರಿಗೆ ಆ ಹೆಸರು ಹೇಗೆ ಬಂತೆಂದು ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಿದ್ದರು. ನಾನು ಕಾಪುವಿನವಳು, ನನಗೂ ಗೊತ್ತಿರಲಿಲ್ಲ. ಹಾಗಾಗಿ ಕಂಡಕಂಡವರನ್ನು ಕೇಳತೊಡಗಿದೆ. ಕೇಳಿದ್ದನ್ನು ವಾರಕ್ಕೊಂದು ಹಾಳೆಯಂತೆ ಬರೆದು, ಬಸ್‌ಸ್ಟ್ಯಾಂಡಿನ ಬಳಿಯ ವಾಚನಾಲಯದ ಹಲಗೆಗೆ ಅಂಟಿಸಲು ಕೊಡುತ್ತಿದ್ದೆ. ಅಂಚಿಗೆ ಚಿತ್ರ ಬಿಡಿಸಿಕೊಡುತ್ತಿದ್ದವರು ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಶುದ್ಧ ಕನ್ನಡ, ಎರಡರಲ್ಲೂ ತಮಾಷೆ.

ನಾಲ್ಕನೆಯ ಹಾಳೆ ಪೇಟೆಯ ಬಾವಿಯದ್ದು. ಅದನ್ನು ದೊಡ್ಡಮನೆಯ ಹಿರಿಯರೊಬ್ಬರು ತೋಡಿಸಿದ್ದೆಂದು ಊರೆಲ್ಲ ಹೇಳುತ್ತಿತ್ತು; ನಾನೂ ಹಾಗೆಯೇ ಬರೆದೆ. ಎರಡು ದಿನ ಕಳೆದು, ಬಾವಿಯ ಪಕ್ಕ ಮಲ್ಲಿಗೆ ಮಾರುವ ಅಜ್ಜಿ ಬುಟ್ಟಿಯ ಸಮೇತ ಶಾಲೆಯ ಜಗಲಿಗೆ ಬಂದು ನಿಂತರು. ಅವರಿಗೆ ಓದು ಬಾರದು. ಹೂವು ಕೊಳ್ಳುವವರು ಯಾರೋ ವಿಷಯ ತಿಳಿಸಿದ್ದರು.

"ನೀವು ಬರೆದದ್ದು ಸರಿ ಇಲ್ಲ ಟೀಚರೇ," ಎಂದರು. "ತೋಡಿದ್ದು ನನ್ನ ಅತ್ತೆ, ಮತ್ತೆ ಕೇರಿಯ ಹೆಂಗಸರು."

ಒಂದು ಬೇಸಿಗೆಯಲ್ಲಿ ಕೇರಿಯ ಬಾವಿಗಳೆಲ್ಲ ಬತ್ತಿದ್ದವಂತೆ. ಗಂಡಸರು ಘಟ್ಟದ ಮೇಲಿನ ಕಾಫಿ ತೋಟಗಳಿಗೆ ಕೆಲಸಕ್ಕೆ ಹೋಗಿದ್ದರು. ಹೆಂಗಸರೇ ಅಗೆದು, ಮಣ್ಣು ಹೊತ್ತು, ನೀರು ಕಾಣುವವರೆಗೂ ಬಿಡಲಿಲ್ಲ. ಒಳಗಿನ ಕೊನೆಯ ಮೆಟ್ಟಿಲಿಗೆ ಕಲ್ಲು ಸಾಲದೆ ಅತ್ತೆ ತಮ್ಮ ಮನೆಯ ಹಿಟ್ಟು ಕಡೆಯುವ ಕಲ್ಲನ್ನೇ ಉರುಳಿಸಿಕೊಂಡು ಬಂದು ಕೊಟ್ಟರಂತೆ.

"ಆ ಕಲ್ಲು ಈಗಲೂ ಉಂಟು. ನೀರು ಇಳಿದಾಗ ನೋಡಿ," ಎಂದು ಅಜ್ಜಿ ಹೊರಟರು.

ಆಗ ಏಪ್ರಿಲ್, ನೀರು ಇಳಿದೇ ಇತ್ತು. ಶನಿವಾರ ಶಾಲೆ ಬಿಟ್ಟ ಮೇಲೆ ಮಾಸ್ತರರು ಪಂಚೆ ಎತ್ತಿ ಕಟ್ಟಿ ಬಾವಿಗಿಳಿದರು. ನಾನು ಅವರ ಕೊಡೆ ಹಿಡಿದು ಮೇಲೆ ನಿಂತೆ. ಅಂಗಡಿಯವರು ಅಂಗಡಿ ಬಿಟ್ಟು ಬಂದು ಇಣುಕಿದರು. ಆಮೇಲೆ ಕೆಳಗಿನಿಂದ ದನಿ ಬಂತು: "ಉಂಟು ಮಾರಾಯ್ರೆ. ಅರೆಯುವ ಗುಳಿ ಕೈಗೆ ಸಿಗ್ತದೆ."

ಅಜ್ಜಿ ಇಣುಕಿಯೂ ನೋಡಲಿಲ್ಲ. ಹೂವು ಕಟ್ಟುತ್ತಲೇ ಇದ್ದರು.

ದೊಡ್ಡಮನೆಯವರು ಏನೆಂದಾರೋ ಎಂದು ಅಳುಕುತ್ತಲೇ ಅಲ್ಲಿಗೂ ಹೋದೆ. ಅಲ್ಲಿನ ಯಜಮಾನರು ಪೂರ್ತಿ ಕೇಳಿ ನಕ್ಕರು. "ನಮ್ಮ ಅಜ್ಜ ಹಾಕಿಸಿದ್ದು ರಾಟೆ ಮಾತ್ರ. ಬಾವಿಯನ್ನೂ ನಮ್ಮ ಹೆಸರಿಗೆ ಸೇರಿಸಿದ್ದು ಊರವರು. ಬೇಡ ಎನ್ನಲು ನಮಗೆ ಮನಸ್ಸಾಗಲಿಲ್ಲ, ಅಷ್ಟೆ," ಎಂದು ಕಾಫಿ ತರಿಸಿದರು.

ಹೊಸ ಹಾಳೆ ಬರೆದೆ. ಆದರೆ ಅಜ್ಜಿ ಒಪ್ಪಬೇಕಲ್ಲ. "ಅಂಟಿಸಿದರೆ ನನಗೆ ಎಂತ ಗೊತ್ತಾಗ್ತದೆ? ಓದಿ ಹೇಳಿ," ಎಂದರು. ವಾಚನಾಲಯದ ಜಗಲಿಯನ್ನು ಅದುವರೆಗೆ ಹೆಂಗಸರು ಹತ್ತಿರಲಿಲ್ಲ. ನಾನೂ ಕೆಳಗೆ ನಿಂತೇ ಹಾಳೆ ಕೊಟ್ಟು ಬರುತ್ತಿದ್ದೆ. ಆ ಸಂಜೆ ಹತ್ತಿದೆ. ನನ್ನ ಹಿಂದೆ ಅಜ್ಜಿ, ಅವರ ಹಿಂದೆ ಕೊಡಪಾನ ಸೊಂಟಕ್ಕಿಟ್ಟ ಹೆಂಗಸರು. ಪೇಪರು ಓದುತ್ತಿದ್ದ ಗಂಡಸರು ಸರಿದು ಜಾಗ ಮಾಡಿಕೊಟ್ಟರು. ಓದು ಅರ್ಧಕ್ಕೆ ಬರುವಷ್ಟರಲ್ಲಿ ಕೇಳುತ್ತಿದ್ದವರು ಒಬ್ಬೊಬ್ಬರಾಗಿ ತಮ್ಮ ಅಜ್ಜಿ, ಮುತ್ತಜ್ಜಿಯರ ಹೆಸರು ಹೇಳತೊಡಗಿದರು, ಅವರೂ ಮಣ್ಣು ಹೊತ್ತವರೇ ಎಂದು. ನಾನು ಅಂಚಿನಲ್ಲೆಲ್ಲ ಬರೆದುಕೊಂಡೆ. ತಮ್ಮ ಚಿತ್ರದ ಮೇಲೆಯೇ ಹೆಸರುಗಳು ಹರಿದಾಡಿದ್ದಕ್ಕೆ ಮಾಸ್ತರರು ಸುಳ್ಳುಸುಳ್ಳೇ ಮುನಿಸಿಕೊಂಡರು.

ಅಂದಿನಿಂದ ಶನಿವಾರದ ಓದು ರೂಢಿಯಾಯಿತು. ಯಾರು ಹೇಳಿದ್ದು ಸರಿ ಎಂಬ ಜಗಳವೂ ಬೇಕಾದಷ್ಟು ಆಯಿತು. ನನಗೆ ಉಡುಪಿಗೆ ವರ್ಗವಾದಾಗ ಹಾಳೆಗಳ ಕಟ್ಟನ್ನು ವಾಚನಾಲಯದಲ್ಲಿಯೇ ಬಿಟ್ಟು ಬಂದೆ. ಓದುವ ಕೆಲಸ ಡ್ರಾಯಿಂಗ್ ಮಾಸ್ತರರ ಪಾಲಿಗೆ ಬಂತು. ಅವರು ಓದುವುದಕ್ಕಿಂತ ಅಭಿನಯಿಸುವುದೇ ಹೆಚ್ಚೆಂದೂ, ಜನ ಮೊದಲಿಗಿಂತ ಜಾಸ್ತಿ ಸೇರುತ್ತಾರೆಂದೂ ಕಾರ್ಕಳದಿಂದ ಕಾಗದ ಬಂದಿತ್ತು.