ಹೆಸರು ಹೇಳದ ಮದ್ದು

ಮಧುಗಿರಿಯಲ್ಲಿದ್ದಾಗ ನಮ್ಮ ಪಕ್ಕದ ಮನೆಯ ಅಜ್ಜಿಯ ಹಿತ್ತಲಿನಿಂದ ಕೆಮ್ಮಿಗೆ ದೊಡ್ಡಪತ್ರೆಯನ್ನು ಯಾರು ಬೇಕಾದರೂ ಕಿತ್ತುಕೊಳ್ಳಬಹುದಿತ್ತು. ಕಾಮಾಲೆಯ ಮದ್ದನ್ನು ಮಾತ್ರ ಅವರು ಬಾಗಿಲು ಹಾಕಿಕೊಂಡು ಅರೆದು, ಮಜ್ಜಿಗೆಯಲ್ಲಿ ಕಲಸಿ ತರುತ್ತಿದ್ದರು. ಸೊಪ್ಪಿನ ಹೆಸರು ಹೊರಗೆ ಹೇಳಿದರೆ ಕೈಗುಣ ಹೋಗುತ್ತದೆ ಅಂತ ಅವರ ಅತ್ತೆ ಹೇಳಿದ್ದರಂತೆ. ಯಾರಾದರೂ ಕೇಳಿದರೆ, “ಹೆಸ್ರು ಕಟ್ಕೊಂಡು ಏನ್ಮಾಡ್ತೀಯ, ನಾಮಕರಣನಾ? ಕುಡುದ್ಬುಡು ಕಣಮ್ಮ” ಅನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ನನ್ನ ಮಗಳಿಗೆ ಕಾಮಾಲೆಯಾಯಿತು. ಅಜ್ಜಿಯ ಮದ್ದು ಮೂರು ದಿನ ಕುಡಿದರೂ ವಾಂತಿ ನಿಲ್ಲದೆ, ಮಂಪರು ಹತ್ತಿದಾಗ ಆಸ್ಪತ್ರೆಗೆ ಸೇರಿಸಿದೆವು. “ಮನೇಲಿ ಏನು ಕೊಟ್ಟಿದ್ದೀರಿ? ಅದು ಗೊತ್ತಾಗಬೇಕಲ್ಲಮ್ಮ” ಎಂದರು ಡಾಕ್ಟರು. ನನಗೆ ಗೊತ್ತಿರಲಿಲ್ಲ. ಅಜ್ಜಿಗೆ ಫೋನ್ ಮಾಡಿದೆ. “ಬತ್ತೀನಿ ಇರು” ಅಂದವರೇ ಆಟೋ ಹತ್ತಿ ಬಂದುಬಿಟ್ಟರು. ವಾರ್ಡಿನವರೆಲ್ಲ ಕೇಳುವ ಹಾಗೆ, “ನೆಲನೆಲ್ಲಿ ಸ್ವಾಮಿ. ಬ್ಯಾರೆ ಏನೂ ಹಾಕಿಲ್ಲ. ಬರ್ಕಳಿ, ಮಗೀನ ಉಳುಸ್ಕೊಡಿ” ಅಂದರು.

ಮಗಳು ನಿಧಾನವಾಗಿ ಚೇತರಿಸಿಕೊಂಡಳು. ಆಮೇಲೆ ಕಾಮಾಲೆ ಅಂತ ಯಾರೇ ಬರಲಿ, ಅಜ್ಜಿ, “ನನ್ ಕೈಲಿ ಇನ್ನು ವಾಸಿ ಆಗಕಿಲ್ಲ ಕಣಪ್ಪ, ಆಸ್ಪತ್ರೆಗೆ ಹೋಗ್ಬುಡು” ಅಂತ ಕಳಿಸುತ್ತಿದ್ದರು. ನಾನು ಪಕ್ಕದಲ್ಲಿದ್ದರೆ, ಆ ಮಾತು ಹೇಳುವಾಗ ನನ್ನ ಕಡೆ ಮಾತ್ರ ನೋಡುತ್ತಿರಲಿಲ್ಲ.