ಬೀನ್ಸ್ ಮುರಿದು ಬೈಸಿಕೊಂಡ ದಿನ

2001ರ ಬೇಸಿಗೆ. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ ಇಲ್ಲಿಗೆ ಬಂದಿದ್ದ ನನ್ನ ಯಜಮಾನರು ಶ್ರೀಧರ್ ಅವರ ಹಿಂದೆಯೇ ಮೈಸೂರಿನಿಂದ ಬಂದು ನನಗೆ ಆರು ತಿಂಗಳಾಗಿತ್ತು. ಕೆಲಸ ಮಾಡಲು ನನಗೆ ಪರವಾನಗಿ ಇರಲಿಲ್ಲ. ಅವರು ಆಫೀಸಿಗೆ ಹೋದರೆ ಸಂಜೆಯವರೆಗೆ ಗೋಡೆಯೇ ಗತಿ. ಭಾಷಾ ತರಗತಿಯಲ್ಲಿ ಕಲಿತ ಜರ್ಮನ್ ಬಾಯಿಂದ ಆಚೆ ಬಂದಿರಲೇ ಇಲ್ಲ.

ಒಂದು ಶನಿವಾರ ರೋಮನ್ನರ ಕಾಲದ ಅವಶೇಷ ನೋಡಲೆಂದು ಟ್ರಿಯರ್ ಎಂಬ ಊರಿಗೆ ಹೋದೆವು. ಕಪ್ಪಿಟ್ಟ ಕಲ್ಲಿನ ಹೆಬ್ಬಾಗಿಲು ದಾಟಿ ನಡೆದರೆ ಸಂತೆ. ಹಸಿರು ಬೀನ್ಸ್ ಕಂಡು ಎಷ್ಟೋ ದಿನದ ಮೇಲೆ ಖುಷಿಯಾಯಿತು. ಮೈಸೂರಿನ ಮಾರ್ಕೆಟ್‌ನಲ್ಲಿ ಮಾಡುತ್ತಿದ್ದ ಹಾಗೆ, ಎಳೆಯದೋ ಬಲಿತದ್ದೋ ಎಂದು ಚಟಕ್ಕನೆ ತುದಿ ಮುರಿದು ಆರಿಸತೊಡಗಿದೆ. ನಾಲ್ಕನೆಯದಕ್ಕೆ ಅಂಗಡಿಯ ಅಜ್ಜಿ ಕೂಗಾಡಿದಳು. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಮಾತು ಪೂರ್ತಿ ತಿಳಿಯದಿದ್ದರೂ ಮುಟ್ಟಬೇಡ ಅನ್ನುವುದು ತಿಳಿಯಿತು. ಅಲ್ಲೇ ಬಿಟ್ಟು ನಡೆದುಬಿಟ್ಟೆ.

ಮಧ್ಯಾಹ್ನ ರೋಮನ್ನರ ಆಂಫಿಥಿಯೇಟರಿನ ಹುಲ್ಲುದಿಬ್ಬದ ಮೇಲೆ ಕೂತು ಚಿತ್ರಾನ್ನದ ಡಬ್ಬಿ ತೆರೆದೆವು. ಮೊದಲ ತುತ್ತಿಗೇ ನನಗೆ ಅಳು ಬಂತು.

"ನಂಗಿಲ್ಲಿ ಆಗಲ್ಲ ರೀ. ಟಿಕೆಟ್ ಬುಕ್ ಮಾಡ್ಬಿಡಿ, ವಾಪಸ್ ಹೋಗ್ತೀನಿ," ಎಂದೆ.

ಇವರು ವಾದ ಮಾಡಲಿಲ್ಲ. "ಸರಿ, ಮಂಡೇ ಮಾಡ್ತೀನಿ," ಎಂದು ಕೆಳಗಿನ ಅಖಾಡ ನೋಡುತ್ತಾ ಕೂತರು. ಅದರ ಅಂಚಿನ ಕಲ್ಲಿನ ಗೂಡೊಂದನ್ನು ತೋರಿಸಿ, "ಆ ಕತ್ತಲೆ ಗೂಡಿಂದ ಮನುಷ್ಯರನ್ನ ಕಾಡುಮೃಗದ ಮುಂದೆ ಬಿಡ್ತಿದ್ರಂತೆ ಕಣೇ," ಎಂದರು.

ನನಗೆ ನನ್ನ ಮೇಲೇ ಸಿಟ್ಟು ಬಂತು. ಜನ ಕಾಡುಮೃಗ ಎದುರಿಸಿದ ಜಾಗದಲ್ಲಿ ಕೂತು ನಾನು ಬೀನ್ಸ್‌ಗಾಗಿ ಅಳುತ್ತಿದ್ದೆ. ಊರಿಗೆ ಹೋಗುವುದಾದರೆ ಹೋಗೋಣ, ಬೈಸಿಕೊಂಡು ಓಡಿಹೋದವಳು ಎನಿಸಿಕೊಳ್ಳುವುದು ಮಾತ್ರ ಬೇಡ.

ಸಂತೆ ಮುಚ್ಚುವ ಹೊತ್ತಿಗೆ ಅದೇ ಅಜ್ಜಿಯ ಮುಂದೆ ಹೋಗಿ ನಿಂತೆ. "ನೀವು ಮಾತಾಡ್ಬೇಡಿ," ಎಂದು ಇವರಿಗೆ ಮೊದಲೇ ಹೇಳಿದ್ದೆ. ಕ್ಷಮಿಸಿ ಎಂದೆ. ನಮ್ಮೂರಲ್ಲಿ ಹೀಗೆ ಮುರಿದು ನೋಡುತ್ತೇವೆ, ಸದ್ದು ಬಂದರೆ ತಾಜಾ ಎಂದು ಅರ್ಧ ಹರಕುಮುರುಕು ಜರ್ಮನ್‌ನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದೆ.

ಅಜ್ಜಿ ನನ್ನನ್ನೇ ನೋಡಿದಳು. "ಇವನ್ನು ಬೆಳಿಗ್ಗೆ ನಾನೇ ಕಿತ್ತು ತಂದಿದ್ದು," ಎಂದು ನನಗೆ ಅರ್ಥವಾಗುವಷ್ಟು ನಿಧಾನವಾಗಿ ಹೇಳಿದಳು. ಅವಳಿಗೆ ಯಾಕೆ ನೋವಾಗಿತ್ತೆಂದು ಆಗ ಹೊಳೆಯಿತು. ಆಮೇಲೆ ಒಂದು ಬೀನ್ಸ್ ಎತ್ತಿ, ನನ್ನ ಕಿವಿಯ ಹತ್ತಿರ ಹಿಡಿದು ಚಟಕ್ಕನೆ ಮುರಿದಳು.

"ಫ್ರಿಶ್?" ಎಂದು ಕೇಳಿದಳು, ತಾಜಾನಾ ಅಂತ.

"ಫ್ರಿಶ್," ಎಂದೆ. ಇಬ್ಬರೂ ನಕ್ಕೆವು. ಒಂದು ಚೀಲ ಬೀನ್ಸ್ ತಾನೇ ಆರಿಸಿ ಕೊಟ್ಟಳು.

ರೈಲಿನಲ್ಲಿ ಇವರು, "ಹಾಗಾದ್ರೆ ಮಂಡೇ ಟಿಕೆಟ್?" ಎಂದರು.

"ಮೊದ್ಲು ಪಲ್ಯ ಆಗ್ಲಿ ಬಿಡಿ," ಎಂದೆ.

ಆ ಟಿಕೆಟ್ ಇನ್ನೂ ಬುಕ್ ಆಗಿಲ್ಲ. ಆ ಅಜ್ಜಿಯ ಹೆಸರು ಕೇಳಲಿಲ್ಲವಲ್ಲ ಎಂದು ಈಗಲೂ ಪೇಚಾಡುತ್ತೇನೆ. ಸಂತೆಯಲ್ಲಿ ಈಗ ಏನನ್ನೂ ಮುಟ್ಟುವುದಿಲ್ಲ, ಬೆರಳು ತೋರಿಸಿ ಬಾಯಿಬಿಟ್ಟು ಕೇಳುತ್ತೇನೆ. ಮನೆಗೆ ಬಂದ ಮೇಲೆ ಮಾತ್ರ ಮೊದಲ ಬೀನ್ಸನ್ನು ಕಿವಿಯ ಹತ್ತಿರ ಹಿಡಿದೇ ಮುರಿಯುತ್ತೇನೆ.